ಅಂಕವಿಲ್ಲದ ಬಾಟಲಿಗಳ ಗ್ಲಾಸಕ್ಕ

ಬೆಳಗಿನ ಐದೂವರೆ. ಬೆಟ್ಟದ ಇಳಿಜಾರಿನಲ್ಲಿರುವ ಮನೆಯೊಂದರ ಕೆಳಗೆ ಕಲ್ಲು ಕಟ್ಟಿದ ನೆಲಮಾಳಿಗೆ. ಹನ್ನೆರಡು ಮೆಟ್ಟಿಲು ಇಳಿದರೆ ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತದೆ. ಒದ್ದೆ ಮರ, ಹುಳಿತ ಹಣ್ಣು, ಹಳೇ ಸುಣ್ಣ, ಮೂರೂ ಕಲೆತ ವಾಸನೆ. ಟಾರ್ಚನ್ನು ಕಂಕುಳಲ್ಲಿ ಇರುಕಿಕೊಂಡ ಹೆಂಗಸೊಬ್ಬರು ಪೀಪಾಯಿಯ ಬಿರಡೆ ಎಳೆದು, ಮೊಳದುದ್ದದ ಗಾಜಿನ ಕೊಳವೆಯನ್ನು ಒಳಗಿಳಿಸಿ, ಮೇಲ್ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಎತ್ತುತ್ತಾರೆ. ಗ್ಲಾಸಿಗೆ ಎರಡು ಗುಟುಕಿನಷ್ಟು ಕೆಂಪು ಇಳಿಯುತ್ತದೆ. ಮೊದಲು ಮೂಗಿಗೆ, ಆಮೇಲೆ ಬಾಯಿಗೆ. ಕೆನ್ನೆಯೊಳಗೆ ಆ ಕಡೆ ಈ ಕಡೆ ಹೊರಳಾಡಿಸಿ ಪಕ್ಕದ ಬಕೆಟ್ಟಿಗೆ ಉಗಿಯುತ್ತಾರೆ.

ಬಾಗಿಲಲ್ಲಿ ನಿಂತ ಮನೆಯೊಡತಿ ಕೈಯೊರೆಸುವ ಬಟ್ಟೆಯನ್ನು ಹಿಂಡಿ ಹಿಪ್ಪೆ ಮಾಡಿದ್ದಾಳೆ. "ಹೇಗಿದೆ ಅಕ್ಕ?"

"ತಡಿಯೇ. ರುಚಿ ಇನ್ನೂ ಬಾಯಿಂದ ಹೋಗಿಲ್ಲ."

ಖಾಲಿ ಗ್ಲಾಸನ್ನು ಇನ್ನೊಮ್ಮೆ ಮೂಗಿಗೆ ಹಿಡಿಯುತ್ತಾರೆ. ಆಮೇಲೆ ತೀರ್ಪು ಬರುತ್ತದೆ. "ಚೆನ್ನಾಗಿದೆ ಕಣೆ. ಆದರೆ ಇನ್ನೂ ಸಿಟ್ಟಲ್ಲಿದೆ. ಎರಡು ತಿಂಗಳು ಇದರ ತಂಟೆಗೆ ಹೋಗಬೇಡ."

ಮನೆಯೊಡತಿಯ ಮುಖ ಅಗಲವಾಗುತ್ತದೆ. ಟಾರ್ಚು ಮುಂದಿನ ಪೀಪಾಯಿಯತ್ತ ತಿರುಗುತ್ತದೆ.

ಬೆಟ್ಟದ ಹತ್ತೊಂಬತ್ತು ಹಳ್ಳಿಗಳಲ್ಲಿ ಈಕೆಯನ್ನು ಎಲ್ಲರೂ ಕರೆಯುವುದು ಗ್ಲಾಸಕ್ಕ ಎಂದೇ. ವಯಸ್ಸು ಐವತ್ತಾರು. ವಾರದಲ್ಲಿ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಹಳೇ ವ್ಯಾನು ಹತ್ತಿ ನಸುಕಿನಲ್ಲೇ ಹೊರಡುತ್ತಾರೆ. ಹೋಗಿ ಬರುವ ದಾರಿ ನೂರಾ ಹತ್ತು ಕಿಲೋಮೀಟರ್. ದಿನಕ್ಕೆ ಸುಮಾರು ಮೂವತ್ತು ಗುಟುಕು ಬಾಯಿಗೆ, ಮೂವತ್ತೂ ಬಕೆಟ್ಟಿಗೆ. ಯಾವ ಪಟ್ಟಿಯಲ್ಲೂ ಹೆಸರಿಲ್ಲದ, ಯಾವ ವಿಮರ್ಶಕರೂ ಹೊಗಳದ ನಲವತ್ತಾರು ಬೆಳೆಗಾರರ ವೈನ್‌ಗಳನ್ನು ಹುಡುಕಿ, ರುಚಿ ನೋಡಿ, ಊರಿಗೆ ತಂದು ಮಾರುವುದು ಅವರ ಕೆಲಸ. ವ್ಯಾನು ಓಡಿಸುವವರು, ಪೆಟ್ಟಿಗೆ ಹೊರುವವರು, ಅಂಗಡಿ ಗುಡಿಸುವವರು ಎಲ್ಲ ಅವರೇ.

ಇಷ್ಟು ಬೇಗ ಏಕೆ ಎಂದು ಕೇಳಿದರೆ ನಗುತ್ತಾರೆ. "ಬೆಳಗ್ಗೆ ಬಾಯಿ ಸುಮ್ಮನಿರುತ್ತೆ. ಕಾಫಿ ಕುಡಿದಿರಲ್ಲ, ಯಾರ ಮೇಲೂ ರೇಗಿರಲ್ಲ. ರುಚಿ ನೋಡೋಕೆ ಅದೇ ಸರಿಯಾದ ಹೊತ್ತು."

ಈ ನಾಲಿಗೆ ಯಾವ ಶಾಲೆಯಲ್ಲೂ ಕಲಿತು ಬಂದದ್ದಲ್ಲ. ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತು ಕಲಿತದ್ದು. ಊರಿನ ದೊಡ್ಡ ಸಭಾಂಗಣದಲ್ಲಿ ವರ್ಷಕ್ಕೊಮ್ಮೆ ವೈನ್ ಸ್ಪರ್ಧೆ ನಡೆಯುತ್ತಿತ್ತು. ನಾಲ್ವರು ತೀರ್ಪುಗಾರರು, ಎರಡು ದಿನ, ಮುನ್ನೂರು ಬಾಟಲಿ. ಅವರು ಕೊಟ್ಟ ಅಂಕಗಳು ಪುಸ್ತಕವಾಗಿ ಅಚ್ಚಾಗುತ್ತಿದ್ದವು. ತೊಂಬತ್ತು ದಾಟಿದವು ಅಂಗಡಿಗಳ ಗಾಜಿನ ಕಪಾಟಿಗೆ ಏರುತ್ತಿದ್ದವು. ಎಂಬತ್ತರ ಕೆಳಗಿನವನ್ನು ಯಾರೂ ಮೂಸಿಯೂ ನೋಡುತ್ತಿರಲಿಲ್ಲ. ಆ ಸಭಾಂಗಣದಲ್ಲಿ ಹತ್ತೊಂಬತ್ತು ವರ್ಷ ಗ್ಲಾಸು ತೊಳೆದವರು ಈ ಅಕ್ಕ.

ತೊಳೆಯುವ ಮೊದಲು ಒಂದೊಂದು ಗ್ಲಾಸನ್ನೂ ಮೂಗಿಗೆ ಹಿಡಿಯುವುದು ಮೊದಮೊದಲು ಬರೀ ಬೇಸರ ಕಳೆಯುವ ಆಟವಾಗಿತ್ತು. ಐದಾರು ವರ್ಷ ಕಳೆಯುವಷ್ಟರಲ್ಲಿ, ಇದು ನದಿ ಬದಿಯ ದ್ರಾಕ್ಷಿ, ಇದು ಕಲ್ಲುಭೂಮಿಯದು, ಇದನ್ನು ಅವಸರದಲ್ಲಿ ಬಾಟಲಿಗೆ ತುಂಬಿದ್ದಾರೆ ಎಂದು ಕಣ್ಣು ಮುಚ್ಚಿ ಹೇಳುವಷ್ಟು ಪಳಗಿದ್ದರು. ಹೇಳಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ.

ಹನ್ನೊಂದು ವರ್ಷದ ಹಿಂದಿನ ಸ್ಪರ್ಧೆ. ಎರಡನೇ ದಿನ, ಊಟ ಮುಗಿದ ಮೇಲಿನ ಹೊತ್ತು. ತೊಟ್ಟಿಯ ಬಳಿಗೆ ಬಂದ ತಟ್ಟೆಯೊಂದರಲ್ಲಿ ಇನ್ನೂರ ಹನ್ನೊಂದು ಎಂಬ ಚೀಟಿ ಅಂಟಿಸಿದ ನಾಲ್ಕು ಗ್ಲಾಸುಗಳಿದ್ದವು. ನಾಲ್ಕರಲ್ಲೂ ವೈನ್ ಸುರಿದಷ್ಟೇ ಮಟ್ಟಕ್ಕೆ ನಿಂತಿತ್ತು. ಅಂಚು ಕನ್ನಡಿಯ ಹಾಗೆ ಸ್ವಚ್ಛ.

"ಬಾಯಿಗೆ ಹೋದ ಗ್ಲಾಸಿನ ಅಂಚಲ್ಲಿ ತುಟಿ ಗುರುತು ಇದ್ದೇ ಇರುತ್ತೆ. ಅಲ್ಲಾಡಿಸಿದ್ರೆ ಒಳಗೋಡೆ ಮೇಲೆ ಕಲೆ ಇಳಿದಿರುತ್ತೆ. ತೊಳೆಯೋಳಿಗೆ ಗೊತ್ತಾಗದೇ ಇರುತ್ತಾ?" ಎಂದು ಈಗಲೂ ನಿನ್ನೆಯಷ್ಟೇ ನೋಡಿದವರ ಹಾಗೆ ಕೇಳುತ್ತಾರೆ. ಅವತ್ತು ಕೈಯನ್ನು ಒರೆಸಿಕೊಂಡು ಒಂದು ಗ್ಲಾಸೆತ್ತಿ ತಾವೇ ಕುಡಿದರು. "ಮೊದಲು ಹುಳಿ. ಆಮೇಲೆ ಮೆಣಸು. ನುಂಗಿದ ಮೇಲೆ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ನೀರು ಚೆಲ್ಲಿದಂಗೆ ಒಂದು ತಂಪು. ತೊಟ್ಟಿ ಮುಂದೆ ಹಂಗೇ ನಿಂತುಬಿಟ್ಟೆ. ನಲ್ಲಿ ನಿಲ್ಲಿಸೋದನ್ನೂ ಮರೆತೆ."

ಮೂರು ವಾರದ ನಂತರ ಪುಸ್ತಕ ಬಂತು. ಇನ್ನೂರ ಹನ್ನೊಂದಕ್ಕೆ ಎಪ್ಪತ್ತೆರಡು ಅಂಕ. ಜೊತೆಗೊಂದು ಸಾಲು: ರುಚಿಯಲ್ಲಿ ಹುರುಪಿಲ್ಲ.

ಅಂಕಕ್ಕಿಂತ ಆ ಸಾಲು ಅವರನ್ನು ಚುಚ್ಚಿತು. ಸಭಾಂಗಣದ ಮೇಲ್ವಿಚಾರಕರ ಕೋಣೆಗೆ ಹೋದರು. "ಸಾರ್, ಇನ್ನೂರ ಹನ್ನೊಂದನ್ನ ಯಾರೂ ಕುಡಿದೇ ಇಲ್ಲ. ಕುಡಿದಿಲ್ಲ ಅಂತ ಬರೀಲಿ. ಹುರುಪಿಲ್ಲ ಅಂತ ಹೇಗೆ ಬರೆದ್ರು?"

ಮೇಲ್ವಿಚಾರಕರು ಕಾಗದದಿಂದ ತಲೆ ಎತ್ತಲಿಲ್ಲ. "ತೊಳೆಯೋದು ನಿನ್ನ ಕೆಲಸ, ತೂಗೋದು ಅವರ ಕೆಲಸ. ಹೋಗಮ್ಮ."

ಹೋದರು. ಆದರೆ ತೊಟ್ಟಿಯ ಕಡೆಗಲ್ಲ. ಪುಸ್ತಕದಲ್ಲಿದ್ದ ವಿಳಾಸ ಬರೆದುಕೊಂಡು ಭಾನುವಾರ ಬೆಟ್ಟದ ಬಸ್ಸು ಹತ್ತಿದರು. ಬಸ್ಸು ನಿಂತ ಕಡೆಯಿಂದ ಒಂದು ಗಂಟೆ ನಡಿಗೆ. ತೋಟ ಸಿಕ್ಕಾಗ ಅಲ್ಲೊಬ್ಬರು ಮುದುಕರು ಗುದ್ದಲಿ ಹಿಡಿದು ಬಳ್ಳಿ ಕೀಳುತ್ತಿದ್ದರು. ಅವರ ಅಜ್ಜನ ಕಾಲದ ಬಳ್ಳಿಗಳು, ಮೋಟು ಗೊಂಚಲಿನ ಕಪ್ಪು ದ್ರಾಕ್ಷಿ. ಆ ಸೀಮೆ ಬಿಟ್ಟು ಬೇರೆಲ್ಲೂ ಇಲ್ಲದ ತಳಿ. ಮೂರು ಸಾಲು ಆಗಲೇ ಬೇರು ಮೇಲಾಗಿ ಬಿದ್ದಿದ್ದವು.

"ತಾತ, ಯಾಕೆ ಕೀಳ್ತಿದ್ದೀರ?"

"ಎಪ್ಪತ್ತೆರಡು ಬಂತಲ್ಲಮ್ಮ. ಓದಿದೋರು ಹೇಳಿದ ಮೇಲೆ ಮುಗೀತು. ಎಲ್ಲರೂ ಹಾಕೋ ತಳಿ ಹಾಕ್ತೀನಿ. ನೀನ್ಯಾರು?"

"ಗ್ಲಾಸು ತೊಳೆಯೋಳು."

ಕಂಡದ್ದನ್ನು ಕಂಡ ಹಾಗೆ ಹೇಳಿದರು. ತಾತ ಗುದ್ದಲಿ ಬಿಟ್ಟು ಕಿತ್ತ ಮಣ್ಣಿನ ಮೇಲೆಯೇ ಕುಕ್ಕರಿಸಿದರು. ಕಿತ್ತ ಬಳ್ಳಿಯೊಂದನ್ನು ಕೈಗೆತ್ತಿಕೊಂಡು ಕೇಳಿದರು: "ಹಂಗಾದ್ರೆ ನನ್ನ ವೈನು ಕೆಟ್ಟದಲ್ಲ?"

"ಅಲ್ಲ ತಾತ."

"ಅಲ್ಲಿ ಅದನ್ನ ಕುಡಿದೋರು ಎಷ್ಟು ಜನ?"

"ನಾನೊಬ್ಬಳೇ."

"ಸಾಕು ಬಿಡು," ಎಂದರು ತಾತ. ಗುದ್ದಲಿಯನ್ನು ಕೊಟ್ಟಿಗೆಗೆ ಒಯ್ದಿಟ್ಟು ಬಂದು, ಆರು ಬಾಟಲಿಗಳನ್ನು ಹಳೇ ಕಾಗದದಲ್ಲಿ ಸುತ್ತಿ ಅವರ ಚೀಲಕ್ಕೆ ಹಾಕಿದರು. ಗ್ಲಾಸಕ್ಕ ಎಂದು ಮೊದಲು ಕರೆದವರೂ ಅವರೇ.

ತೀರ್ಪುಗಾರರು ಕುಡಿಯದೆಯೇ ಅಂಕ ಹಾಕಿದರೆಂಬ ಮಾತು ಬೆಟ್ಟದಲ್ಲಿ ಹಬ್ಬಿ, ಇಳಿದು, ಸಭಾಂಗಣದ ಕಿವಿಗೂ ಬಿತ್ತು. ಬಾಯಿ ಜಾಸ್ತಿಯಾಯಿತೆಂದು ಅವರನ್ನು ಕೆಲಸದಿಂದ ತೆಗೆದರು. ಹತ್ತೊಂಬತ್ತು ವರ್ಷದ ಸೇವೆ ಒಂದು ಸಾಲಿನ ಚೀಟಿಯಲ್ಲಿ ಮುಗಿಯಿತು. ಮನೆಗೆ ಬಂದು ಹೇಳಿದಾಗ ಗಡಿಯಾರ ರಿಪೇರಿಯ ಗಂಡ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ ಕೇಳಿದರಂತೆ: "ನೀನು ಹೇಳಿದ್ದು ನಿಜ ತಾನೇ?" ನಿಜವೆಂದಾಗ, "ಹಾಗಾದ್ರೆ ನನ್ನ ಅಂಗಡೀಲಿ ಅರ್ಧ ಜಾಗ ತಗೋ" ಎಂದರು.

ಆ ಅಂಗಡಿ ಇವತ್ತಿಗೂ ಹಾಗೆಯೇ ಇದೆ. ಹತ್ತಡಿ ಅಗಲ, ಹದಿನಾಲ್ಕಡಿ ಉದ್ದ. ಎಡಗಡೆ ಗೋಡೆಯ ತುಂಬ ಗಡಿಯಾರ, ಬಲಗಡೆ ಗೋಡೆಯ ತುಂಬ ವೈನ್ ಬಾಟಲಿ. "ನಿಂತಿರೋದನ್ನ ನಾನು ಓಡಿಸ್ತೀನಿ, ಓಡ್ತಿರೋರನ್ನ ಇವಳು ನಿಲ್ಲಿಸ್ತಾಳೆ," ಎಂಬುದು ಗಂಡ ಬಂದವರಿಗೆಲ್ಲ ಹೇಳುವ ತಮಾಷೆ. ಸಾವಿರ ಸಲ ಕೇಳಿದ ಹೆಂಡತಿ ಸಾವಿರದೊಂದನೇ ಸಲವೂ ಕಣ್ಣು ಹೊರಳಿಸುತ್ತಾರೆ.

ಪ್ರತಿ ಬಾಟಲಿಯ ಕುತ್ತಿಗೆಗೆ ಅವರ ಕೈಬರಹದ ಚೀಟಿ ನೇತಾಡುತ್ತದೆ. ಅಂಕವಿಲ್ಲ, ನಕ್ಷತ್ರವಿಲ್ಲ. 'ಮೊದಲ ಗುಟುಕಿಗೆ ಮುನಿಸು, ಮೂರನೆಯದಕ್ಕೆ ಸ್ನೇಹ.' 'ಒಬ್ಬರೇ ಕುಡಿಯಬೇಡಿ, ಇದು ಮಾತಿನ ವೈನ್.' 'ನನಗೆ ಹಿಡಿಸಲಿಲ್ಲ, ನನ್ನ ತಂಗಿಗೆ ಪ್ರಾಣ. ಅವಳ ರುಚಿಯೂ ರುಚಿಯೇ.' ಆ ತಂಗಿಯೇ ಮೊದಲ ವರ್ಷ, ಧೂಳು ಹಿಡಿದ ಬಾಟಲಿ ನೋಡಿ, ಇವನ್ನು ಹೂದಾನಿಗಾದರೂ ಕೊಡು ಎಂದು ನಕ್ಕಿದ್ದು. ಬಂದವರೆಲ್ಲ ಎಷ್ಟು ಅಂಕ ಎಂದು ಕೇಳಿ, ಇಲ್ಲವೆಂದರೆ ಗಡಿಯಾರಕ್ಕೆ ಸೆಲ್ಲು ಹಾಕಿಸಿಕೊಂಡು ಹೋಗುತ್ತಿದ್ದ ಕಾಲ ಅದು. ಗ್ಲಾಸಕ್ಕ ಒಂದು ಉಪಾಯ ಮಾಡಿದರು. ರಿಪೇರಿಗೆ ಕಾಯುತ್ತ ಕುಳಿತವರ ಕೈಗೆ ಒಂದು ಗುಟುಕು ಕೊಟ್ಟು, ಏನನ್ನಿಸಿತು ಎಂದಷ್ಟೇ ಕೇಳಿದರು. ಬಸ್ಸಿನ ಕಂಡಕ್ಟರು, ಶಾಲೆಯ ಟೀಚರು, ಕ್ಷೌರದಂಗಡಿಯವರು, ಒಬ್ಬೊಬ್ಬರೇ ಖಾಯಂ ಗಿರಾಕಿಗಳಾದರು.

ನಾಲ್ಕು ವರ್ಷದ ಹಿಂದೆ ಎಲ್ಲವೂ ಕೈತಪ್ಪುವಂತಾಯಿತು. ಹತ್ತು ದಿನದ ಜ್ವರ ಬಿಟ್ಟು ಎದ್ದಾಗ ಸೋಪಿಗೆ ವಾಸನೆಯಿಲ್ಲ. ಕಾಫಿಗಿಲ್ಲ. ಪೀಪಾಯಿಗೂ ಇಲ್ಲ. ಬಂದರೆ ಬರುತ್ತದೆ ಎಂದರು ಡಾಕ್ಟರು. "ಕಣ್ಣು ಹೋಗಿದ್ರೆ ಕೈಹಿಡಿದು ನಡೆಸೋರು ಇರ್ತಾರೆ. ಮೂಗು ಹೋದ್ರೆ ಯಾರು ನಡೆಸ್ತಾರೆ?" ಎನ್ನುತ್ತಾರೆ. ದಿನಾ ಬೆಳಗ್ಗೆ ಗಂಡ ಐದು ಭರಣಿ ಮುಂದಿಡುತ್ತಿದ್ದರು. ಲವಂಗ, ಕಾಫಿಪುಡಿ, ಕಿತ್ತಳೆ ಸಿಪ್ಪೆ, ಚರ್ಮದ ಚೂರು, ಒಣಹುಲ್ಲು. ಐದೂ ಖಾಲಿ ಭರಣಿಗಳ ಹಾಗೆ.

ಅಂದಾಜಿನ ಮೇಲೆ ಚೀಟಿ ಬರೆದು ನಿಭಾಯಿಸಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಹೊಸ ಬಾಟಲಿಗಳಿಗೆ ಬೇರೆ ಚೀಟಿ ಕಟ್ಟಿದರು: 'ನನ್ನ ಮೂಗು ಕೈಕೊಟ್ಟಿದೆ. ಇದರ ರುಚಿ ನನಗೆ ಗೊತ್ತಿಲ್ಲ. ಕುಡಿದವರು ಹೇಳಿ.' ಅಂಗಡಿಗೆ ಇನ್ನು ಯಾರೂ ಬರುವುದಿಲ್ಲ ಎಂದುಕೊಂಡೇ ಕಟ್ಟಿದ್ದು. ಆದದ್ದೇ ಬೇರೆ. ಕಂಡಕ್ಟರು ಟಿಕೆಟಿನ ಹಿಂದೆ ಬರೆದು ತಂದರು, 'ಸಂಜೆ ಟ್ರಿಪ್ ಮುಗಿದು ಕಾಲು ಚಾಚಿದ ಹಾಗಿದೆ.' ಟೀಚರು ಎರಡು ಪುಟ ಬರೆದರು, ಅದರಲ್ಲಿ ಒಂದೂವರೆ ಪುಟ ಅತ್ತೆಯ ವಿಷಯ. ಏಳು ತಿಂಗಳು ಅಂಗಡಿ ನಡೆದದ್ದು ಗಿರಾಕಿಗಳ ಚೀಟಿಯ ಮೇಲೆ.

ಮೂಗು ಮರಳಿದ್ದು ಭರಣಿಯಿಂದಲ್ಲ. ಒಂದು ಬೆಳಗ್ಗೆ ಗಂಡ ಭರಣಿಯ ಮುಚ್ಚಳ ತೆಗೆಯುವಾಗ ಅವರ ಬೆರಳಿನಿಂದ ಗಡಿಯಾರದ ಎಣ್ಣೆಯ ವಾಸನೆ ಬಂತು. "ಮದುವೆಯಾದಾಗಿಂದ ಕೈ ತೊಳ್ಕೊಂಡು ಊಟಕ್ಕೆ ಬನ್ನಿ ಅಂತ ಬೈತಿದ್ದ ವಾಸನೆ ಅದು. ಆ ಕೈ ಹಿಡ್ಕೊಂಡು ಅತ್ತುಬಿಟ್ಟೆ. ಪಾಪ, ಇವರು ಗಾಬರಿಯಾಗಿ ನೀರು ತರೋಕೆ ಓಡಿದ್ರು." ಗಡಿಯಾರಗಳ ಕಡೆ ಕುಳಿತ ಗಂಡ ಎಣ್ಣೆಯ ಬೆರಳನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾರೆ.

ಕಳೆದ ವರ್ಷ ಒಂದು ಮಧ್ಯಾಹ್ನ, ಆ ನಾಲ್ವರು ತೀರ್ಪುಗಾರರಲ್ಲಿ ಹಿರಿಯರೊಬ್ಬರು ಕೋಲೂರಿಕೊಂಡು ಅಂಗಡಿಯ ಮೆಟ್ಟಿಲು ಹತ್ತಿದರು. ನಿವೃತ್ತರಾಗಿ ಬಹಳ ವರ್ಷವಾಗಿದೆ. ಬೆಟ್ಟದ ತಾತನ ವೈನ್ ಇದೆಯೇ ಎಂದು ಕೇಳಿದರು. ಗ್ಲಾಸಕ್ಕ ಸುರಿದು ಕೊಟ್ಟರು. ಅವರು ಕುಡಿದು, ಗ್ಲಾಸನ್ನು ಕೌಂಟರಿನ ಮೇಲಿಟ್ಟರು.

"ಅವತ್ತು ನಾಲಿಗೆ ಸೋತಿತ್ತಮ್ಮ. ಹಿಂದಿನ ವರ್ಷದ ಅಂಕ ನೋಡಿ ಬರೆದುಬಿಟ್ವಿ. ತಪ್ಪಾಯ್ತು."

"ಗೊತ್ತು ಸಾರ್. ಎರಡು ದಿನಕ್ಕೆ ಮುನ್ನೂರು ಬಾಟಲಿ ಅಂದ್ರೆ ಮನುಷ್ಯರ ಬಾಯಿ ಮಾಡೋ ಕೆಲಸ ಅಲ್ಲ. ಕೂತ್ಕೊಳ್ಳಿ, ಇನ್ನೊಂದಿದೆ, ಅದನ್ನೂ ನೋಡಿ."

ಅಂದು ಅವರು ನಾಲ್ಕು ಬಗೆ ರುಚಿ ನೋಡಿದರು. ಹೋಗುವಾಗ ಪತ್ರಿಕೆಯಲ್ಲಿ ಬರೆಯಲೇ ಎಂದು ಕೇಳಿದರು. "ಬರೀರಿ ಸಾರ್. ಅಂಕ ಮಾತ್ರ ಹಾಕಬೇಡಿ," ಎಂದು ಕಳಿಸಿದರಂತೆ.

ಬೆಟ್ಟದಲ್ಲಿ ಈಗ ಆ ಮೋಟು ಗೊಂಚಲಿನ ಕಪ್ಪು ದ್ರಾಕ್ಷಿ ಹನ್ನೊಂದು ತೋಟಗಳಲ್ಲಿದೆ. ಕಿತ್ತ ಮೂರು ಸಾಲಿನ ಜಾಗದಲ್ಲಿ ತಾತ ಮತ್ತೆ ಅದನ್ನೇ ನೆಟ್ಟರು. ನೆರೆಯವರು ಕಡ್ಡಿ ಕೇಳಿ ಒಯ್ದರು. ಎಂಬತ್ತೇಳರ ತಾತ ಈಗ ತೋಟಕ್ಕಿಳಿಯುವುದಿಲ್ಲ. ಜಗಲಿಯಲ್ಲಿ ಕುಳಿತೇ ಸೊಸೆಗೆ ಸಲಹೆ ಕೊಡುತ್ತಾರೆ, ಸೊಸೆ ತನಗೆ ತೋಚಿದ್ದನ್ನು ಮಾಡುತ್ತಾಳೆ, ವೈನ್ ಚೆನ್ನಾಗಿಯೇ ಬರುತ್ತಿದೆ. ಅದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ಒಂದೇ ಬೆಟ್ಟದಲ್ಲಿದ್ದೂ ಈ ಬೆಳೆಗಾರರು ಒಬ್ಬರ ವೈನನ್ನು ಇನ್ನೊಬ್ಬರು ಕುಡಿದವರಲ್ಲ. ಗ್ಲಾಸಕ್ಕ ಇವರ ಬಾಟಲಿ ಅವರಿಗೆ, ಅವರದ್ದು ಇವರಿಗೆ ಒಯ್ಯತೊಡಗಿದ ಮೇಲೆ, ಸುಗ್ಗಿ ಮುಗಿದ ಭಾನುವಾರ ನಲವತ್ತಾರು ಮನೆಯವರೂ ಒಂದು ಕಡೆ ಸೇರಿ ಪರಸ್ಪರ ಜರಿದು, ಹೊಗಳಿ, ಕಲಿತು ಎದ್ದು ಹೋಗುತ್ತಾರೆ.

ನಿಮಗಿನ್ನೇನು ಬೇಕು ಎಂದು ಕೇಳಿದರೆ ಗ್ಲಾಸಕ್ಕ ಕೌಂಟರಿನ ಮೇಲೆ ನಕ್ಷೆಯೊಂದನ್ನು ಬಿಡಿಸುತ್ತಾರೆ. ಬೆಟ್ಟದ ಆಚೆ ಮಗ್ಗುಲು. ಸರಿಯಾದ ರಸ್ತೆಯಿಲ್ಲ. ವ್ಯಾನು ಬಿಟ್ಟು ಎರಡು ಗಂಟೆ ನಡೆಯಬೇಕು. ಅಲ್ಲಿ ಒಂಬತ್ತು ಹಳ್ಳಿಗಳಿವೆ, ಎಲ್ಲ ಕಡೆ ಮನೆಮಟ್ಟಿಗೆ ವೈನ್ ಮಾಡುತ್ತಾರೆ ಎಂದು ಕೇಳಿದ್ದಾರೆ. ಮಂಡಿ ಇನ್ನೂ ಗಟ್ಟಿಯಿರುವಾಗಲೇ ಒಂಬತ್ತನ್ನೂ ಮುಗಿಸಬೇಕು, ಅಷ್ಟೇ ಆಸೆ.

"ಬರ್ತೀನಿ ಅಂತ ಮೊದಲೇ ಹೇಳಿಕಳಿಸಬಾರದಾ?" ಎಂದು ಗಂಡ ಎಡಗಡೆಯಿಂದ ಕೇಳುತ್ತಾರೆ.

"ಹೇಳಿದ್ರೆ ಒಳ್ಳೇ ಪೀಪಾಯಿ ಮುಂದೆ ಇಡ್ತಾರೆ ಕಣ್ರೀ," ನಕ್ಷೆ ಮಡಚುತ್ತ ಅವರು ನಗುತ್ತಾರೆ. "ನಾನು ನೋಡ್ಬೇಕಿರೋದು ಅವರು ಮನೇಲಿ ತಾವು ಕುಡಿಯೋದನ್ನ."