ಗೋಡೆಗೆ ಆರಿಸಿದ ಉಣ್ಣೆ

ನಾನು ತಳಕಲ್ಲಿನ ಶಾಲೆಯಲ್ಲಿ ಮಾಸ್ತರನಾಗಿದ್ದಾಗ ಕಂಬಳಿ ನೇಯುವ ಮನೆಯ ಮುದುಕಿಯೊಬ್ಬಳ ಪರಿಚಯವಾಯಿತು. ನೇಯುವವರು ಮಕ್ಕಳು, ಉಣ್ಣೆ ಆರಿಸುವವಳು ಆಕೆ. ಕತ್ತರಿಸಿ ತಂದ ಉಣ್ಣೆಯನ್ನು ಹಿಡಿ ಹಿಡಿಯಾಗಿ ಎತ್ತಿ, ಕಣ್ಣು ಮುಚ್ಚಿ ಕೆನ್ನೆಗೆ ಒತ್ತಿಕೊಂಡು, ಆಮೇಲೆಯೇ ಈ ರಾಶಿಗೋ ಆ ರಾಶಿಗೋ ಹಾಕುತ್ತಿದ್ದಳು. "ಕಣ್ಣು ಮೋಸ ಹೋಗತಾವ್ರಿ, ಗಲ್ಲ ಹೋಗಂಗಿಲ್ಲ" ಎಂಬುದು ಆಕೆಯ ಮಾತು.

ನನ್ನ ಹೊಸ ಮನೆಯ ಗೋಡೆಗೆ ತೂಗುಹಾಕಲು ಹೇಮಗುಡ್ಡದ ಚಿತ್ರ ನೇಯ್ದು ಕೊಡಿರೆಂದು ಕೇಳಿ, ಎಲ್ಲಕ್ಕಿಂತ ಮೆತ್ತನೆಯ ಮರಿಯುಣ್ಣೆಯನ್ನು ನಾನೇ ಎತ್ತಿಕೊಂಡೆ. ಆಕೆ ಕೈಯಿಂದ ಕಸಿದುಕೊಂಡಳು.

"ಇದು ಕೂಸಿಗೆ ಹೊಚ್ಚೂದ್ರಿ ಮಾಸ್ತರ. ಗ್ವಾಡಿಗೇನ್ ಥಂಡಿ ಹತ್ತತೈತೇನು?"

ನಾನು ಹಟ ಹಿಡಿದೆ. ಆಕೆ ಮರಿಯುಣ್ಣೆಯ ನೂಲನ್ನೂ ದೊಡ್ಡ ಕುರಿಯ ಒರಟು ನೂಲನ್ನೂ ಬಾಗಿಲ ಚೌಕಟ್ಟಿಗೆ ಕಟ್ಟಿ, ಎರಡಕ್ಕೂ ಒಂದೇ ಅಳತೆಯ ಕಲ್ಲು ಇಳಿಬಿಟ್ಟು, ನನಗೆ ಚಹಾ ಕೊಟ್ಟಳು. ಚಹಾ ಮುಗಿಯುವಷ್ಟರಲ್ಲಿ ಮೆತ್ತನೆಯ ನೂಲು ಹಿಗ್ಗಿ ಕಲ್ಲು ನೆಲ ಮುಟ್ಟಿತ್ತು. ಒರಟು ನೂಲು ಕದಲಿರಲಿಲ್ಲ. ನಾನೇ ಒರಟು ಉಣ್ಣೆಯ ರಾಶಿಯನ್ನು ಆಕೆಯ ಮುಂದೆ ಸರಿಸಿದೆ.

ಕರಿ, ಬಿಳಿ, ಬೂದು ಉಣ್ಣೆಯಲ್ಲಿ ಗುಡ್ಡ ಎದ್ದು ಬಂತು. ಗೃಹಪ್ರವೇಶಕ್ಕೆ ಬಂದವರೆಲ್ಲ ದೂರ ನಿಂತು ಹೊಗಳಿದರು. ಆಕೆ ಮಾತ್ರ ಬಂದವಳೇ ನೆಟ್ಟಗೆ ಗೋಡೆಯ ಹತ್ತಿರ ಹೋಗಿ, ಕಣ್ಣು ಮುಚ್ಚಿ, ಅದಕ್ಕೆ ಕೆನ್ನೆ ಒತ್ತಿದಳು.

"ಚುಚ್ಚತೈತೇನಬೇ?" ಎಂದೆ.

"ಗುಡ್ಡ ಅಂದಮ್ಯಾಲ ಚುಚ್ಚಬೇಕಲ್ರಿ" ಎಂದು ಇನ್ನೊಂದು ಕೆನ್ನೆಯನ್ನೂ ಒತ್ತಿದಳು.