ಕಪ್ಪು ಪರದೆಯನ್ನು ಓದಿದ ಡ್ರೈವರು

ಹೊನ್ನಾವರದಲ್ಲಿ ಕಣ್ಣಿನ ಡಾಕ್ಟರಾಗಿರುವ ನನ್ನ ಚಿಕ್ಕಪ್ಪ ಇವತ್ತಿಗೂ ಹಳೆಯ ಡಾಸ್ ಕಂಪ್ಯೂಟರನ್ನು ಬಿಟ್ಟಿಲ್ಲ. ರೋಗಿಗಳು ಓದಬೇಕಾದ ಕನ್ನಡ ಅಕ್ಷರಗಳನ್ನು ತೋರಿಸುವುದು ಅದೇ. ಆ ಪ್ರೋಗ್ರಾಮು ಬರೆದವಳು ನಾನು. ಕುಮಟೆಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆಂದು, ಕೆಟ್ಟ ಮಿಕ್ಸರನ್ನೂ ಮನೆಯವರು ನನ್ನ ಮುಂದೆಯೇ ತಂದಿಡುತ್ತಾರೆ.

ಹೋದ ವರ್ಷ ಚಿಕ್ಕಪ್ಪ ಫೋನ್ ಮಾಡಿದ. "ಒಂದೇ ಪಟ್ಟಿ ಸಾಲ್ತಿಲ್ಲೆ ಕೂಸೇ. ಹೊರಗೆ ಬೆಂಚಲ್ಲಿ ಕೂತವ್ಕೆಲ್ಲ ಕೇಳಿ ಕೇಳಿ ಬಾಯಿಪಾಠ. ಹೊಸ ಅಕ್ಷರ ಹಾಕಿಕೊಡು."

ಹೊಸ ಅಕ್ಷರಗಳ ಚಿತ್ರಗಳು ಡಾಸ್ ಕೊಡುವ ಚಿಕ್ಕ ಜಾಗದಲ್ಲಿ ಹಿಡಿಸಲಿಲ್ಲ. ಪ್ರೋಗ್ರಾಮನ್ನು ಪ್ರೊಟೆಕ್ಟೆಡ್ ಮೋಡ್ ಎಂಬ ಬೇರೆ ವ್ಯವಸ್ಥೆಗೆ ಒಯ್ದೆ. ಅಲ್ಲಿ ಜಾಗ ಧಾರಾಳ, ಆದರೆ ಕಟ್ಟುನಿಟ್ಟೂ ಹೆಚ್ಚು. ಮೊದಲೆಲ್ಲ ಪರದೆಯ ಮೆಮೊರಿಯ ವಿಳಾಸಕ್ಕೆ ನೇರವಾಗಿ ಬರೆದರೆ ಅಕ್ಷರ ಮೂಡುತ್ತಿತ್ತು. ಇಲ್ಲಿ ಅದೇ ವಿಳಾಸವೆಂದರೆ ಪ್ರೋಗ್ರಾಮಿನ ಸ್ವಂತ ಜಾಗದ ಯಾವುದೋ ಮೂಲೆ. ಪರದೆಗೆ ಹೋಗುವ ದಾರಿಯನ್ನು ಬೇರೆಯಾಗಿ ಕೇಳಿ ಪಡೆಯಬೇಕು. ಗೊತ್ತಿದ್ದೂ ಆ ಸಾಲನ್ನು ಬದಲಿಸಲು ಮರೆತೆ. ಬರೆದದ್ದರ ವ್ಯಾಕರಣ ನೋಡುವ ಕಂಪೈಲರು ತಪ್ಪಿಲ್ಲವೆಂದಿತು, ಓಡಿಸಿ ನೋಡುವ ಗೋಜಿಗೇ ಹೋಗಲಿಲ್ಲ.

ಶನಿವಾರ ನಾನು ಹೋಗುವಷ್ಟರಲ್ಲಿ ಚಿಕ್ಕಪ್ಪ ನಾಲ್ಕಾರು ರೋಗಿಗಳನ್ನು ನೋಡಿಯಾಗಿತ್ತು. ಹೊಸ ಪ್ರೋಗ್ರಾಮು ಹಾಕಿಕೊಟ್ಟು, ಹೊರಗಿನ ಬೆಂಚಿನಲ್ಲಿ ಚಹಾ ಹಿಡಿದು ಕೂತೆ. ಒಳಗೆ ಚಿಕ್ಕಪ್ಪ ರೋಗಿಯ ಕಡೆ ಮುಖ ಮಾಡಿ ನಿಲ್ಲುತ್ತಾನೆ. ಪರದೆ ಅವನ ಬೆನ್ನ ಹಿಂದೆ.

ಆಮೇಲೆ ಮೊದಲು ಹೋದವನು ಬೆಳಿಗ್ಗೆಯಿಂದ ಬೆಂಚಿನಲ್ಲಿದ್ದ ಭಟ್ಕಳದ ಲಾರಿ ಡ್ರೈವರು, ಲೈಸೆನ್ಸಿಗೆ ಕಣ್ಣಿನ ಸರ್ಟಿಫಿಕೇಟು ಬೇಕಿತ್ತು. "ಗ, ಮ, ರ, ಟ, ಸ" ಎಂದು ಎಲ್ಲೂ ತಡವರಿಸದೆ ಕೊನೆಯ ಸಾಲಿನವರೆಗೂ ಓದಿದ. ಅದು ಹಳೆಯ ಪಟ್ಟಿ; ಹೊಸವುಗಳ ಜೊತೆ ಅದನ್ನೂ ಉಳಿಸಿಕೊಂಡಿದ್ದೆನಾದ್ದರಿಂದ ಇವನಿಗೆ ಅದೇ ಬಂದಿದೆಯೆಂದುಕೊಂಡೆ.

"ಭೇಷ್! ಹೊರಗೆ ಕೂತ್ಕೊಳ್ಳಿ, ಬರೆದು ಕೊಡ್ತೇನೆ" ಎಂದ ಚಿಕ್ಕಪ್ಪ.

ಮುಂದಿನವಳು ಮಾವಿನಕುರ್ವೆಯ ಮೀನು ಮಾರುವ ಹೆಂಗಸು.

"ದೊಡ್ಡ ಅಕ್ಷರ ಓದಿ."

"ಎಂತದೂ ಕಾಣುದಿಲ್ಲ."

"ಈ ಗಾಜು ಹಾಕಿದ್ರೆ?"

"ಕಪ್ಪು."

"ಈಗ?"

"ಈಗ ತಲೆ ತಿರುಗ್ತದೆ."

ಚಿಕ್ಕಪ್ಪನ ದನಿಯಲ್ಲಿ ಆತಂಕ. "ಹಾಗಾದ್ರೆ ನಿಮಗೆ ಎಂತ ಕಾಣ್ತದೆ?"

"ಈ ಗಾಜೆಲ್ಲ ತೆಗೀರಿ ಹೇಳ್ತೆ. ನಿಮ್ಮ ಮೀಸೆಗೆ ಅವಲಕ್ಕಿ ಅಂಟ್ಕಂಡದೆ, ಅದು ಕಾಣ್ತದೆ. ಹಿಂದಿನ ಟೀವೀಲಿ ಮಾತ್ರ ಎಂತದೂ ಇಲ್ಲ."

ಚಿಕ್ಕಪ್ಪ ಹಿಂದಿರುಗಿ ನೋಡಿರಬೇಕು. ಆಮೇಲೆ "ಕೂಸೇ!" ಎಂಬ ಕೂಗು. ಓಡಿದೆ. ಪರದೆ ಕಾಡಿಗೆಯಂತೆ ಕಪ್ಪಗಿತ್ತು. ನನ್ನ ತಪ್ಪು ಆಗಲೇ ಹೊಳೆಯಿತು. ಇಬ್ಬರಿಗೂ ಒಟ್ಟಿಗೇ ಡ್ರೈವರು ನೆನಪಾದ.

ಚಿಕ್ಕಪ್ಪ ಬಾಗಿಲ ಪರದೆ ಸರಿಸಿ ಕೇಳಿದ, "ನೀವು ಓದಿದ್ದು ಎಂತ ಮಾರಾಯ್ರೆ? ಅಲ್ಲಿ ಎಂತದೂ ಇರಲೇ ಇಲ್ಲ!"

ಡ್ರೈವರಿಗೇ ಆಶ್ಚರ್ಯ. "ಹೌದಾ? ನಂಗೆ ಯಾವಾಗ್ಲೂ ಹಾಗೇ ಕಾಣುದು ಡಾಕ್ಟ್ರೇ. ಬೆಂಚಲ್ಲಿ ಕೇಳಿದ್ದು ಹೇಳ್ದೆ."

ನಗಲೂ ಆಗದೆ ಲ್ಯಾಪ್‌ಟಾಪು ತೆಗೆದೆ. ಪರದೆಯ ದಾರಿ ಕೇಳುವ ಆ ಸಾಲನ್ನು ಸೇರಿಸಿ, ಈ ಸಲ ಓಡಿಸಿಯೂ ನೋಡಿ, ಅರ್ಧ ತಾಸಿನಲ್ಲಿ ಮತ್ತೆ ಹಾಕಿದೆ. ಅಕ್ಷರಗಳು ಮೂಡಿದವು. ಹೆಂಗಸು ಕೊನೆಯ ಸಾಲನ್ನೂ ಓದಿ, "ಕೆಟ್ಟದ್ದು ನನ್ನ ಕಣ್ಣಲ್ಲ, ನಿಮ್ಮ ಟೀವಿ" ಎಂದು ನನ್ನತ್ತ ಒಮ್ಮೆ ನೋಡಿ ಹೋದಳು.

ಡ್ರೈವರು ಎರಡನೆಯ ಸಾಲಿನಲ್ಲೇ ನಿಂತುಬಿಟ್ಟ. ಚಿಕ್ಕಪ್ಪ ಗಾಜುಗಳನ್ನು ಒಂದೊಂದಾಗಿ ಬದಲಿಸಿದ. ಯಾವುದೋ ಒಂದಕ್ಕೆ ಅವನ ಬಾಯಿ ತೆರೆಯಿತು. ಹೊಸ ಅಕ್ಷರಗಳನ್ನೆಲ್ಲ ಗಟ್ಟಿಯಾಗಿ ಓದಿದ. ಅಷ್ಟಕ್ಕೇ ನಿಲ್ಲದೆ ಗೋಡೆಯತ್ತ ತಿರುಗಿ, "ಚಪ್ಪಲಿ ಹೊರಗೆ ಬಿಡಿ" ಎಂದು ಅಲ್ಲಿಯ ಬೋರ್ಡನ್ನೂ ಓದಿ, ಮೆಲ್ಲಗೆ ತನ್ನ ಕಾಲು ನೋಡಿಕೊಂಡ.