ಅತಿಥಿಯ ಮುಂದೆ ಮಗಳನ್ನು ಬೈದದ್ದು

ಮನೆಗೆ ಬಂದವರ ಮುಂದೆ ನಮ್ಮ ಮಕ್ಕಳನ್ನೇ ಬೈಯುವುದು ನಮ್ಮ ಧಾರವಾಡದ ಕಡೆಯ ಮರ್ಯಾದೆ. ಪಕ್ಕದ ಮನೆಯ ಹುಡುಗ ನಮ್ಮ ಹುಡುಗನ ಹಲ್ಲು ಮುರಿದರೂ, ಅವನ ತಾಯಿ ಬಾಗಿಲಿಗೆ ಬಂದ ಕೂಡಲೇ "ಇರ್ಲಿ ಬಿಡ್ರಿ, ನಮ್ಮ ಹುಡುಗಂದೂ ತಪ್ಪೈತಿ" ಎನ್ನಬೇಕು. ಆಕೆ ತನ್ನ ಮಗನನ್ನು ಬೈಯುತ್ತಾಳೆ, ಇಬ್ಬರೂ ಚಹಾ ಕುಡಿಯುತ್ತೇವೆ. ಈ ಮರ್ಯಾದೆಯನ್ನು ನಾನು ನೆದರ್ಲೆಂಡ್ಸ್‌ನ ಬಾಡ್‌ಹೂವೆಡಾರ್ಪ್‌ ಊರಿಗೂ ಹೊತ್ತು ತಂದಿದ್ದೆ.

ಒಂಬತ್ತು ವರ್ಷದ ಮಗಳು ಶಾಲೆಯಿಂದ ಬರುತ್ತ ಮನೆಯೆದುರಿನ ರಸ್ತೆ ದಾಟುವಾಗ ಕಾರು ಬಡಿಯಿತು. ಕಾಲಿನ ಎಲುಬು ಮುರಿದು ಪ್ಲಾಸ್ಟರ್ ಹಾಕಿದರು. ದೇವರು ದೊಡ್ಡವನು, ಅಷ್ಟಕ್ಕೇ ಮುಗಿಯಿತು. ನಾಲ್ಕನೆಯ ದಿನ, ಆ ಕಾರು ಓಡಿಸುತ್ತಿದ್ದ ಡಚ್ ಅಜ್ಜ ಹೂಗುಚ್ಛ ಹಿಡಿದು ಬಂದರು. ಒಳಗೆ ಕರೆದು ಕೂಡಿಸಿದೆ. ಒಗ್ಗರಣೆ ಅವಲಕ್ಕಿ ಕೊಟ್ಟೆ. ಹಸಿಮೆಣಸಿನಕಾಯಿ ಕಚ್ಚಿ ಕಣ್ಣೀರು ಸುರಿಸಿದರು. ಅದು ದುಃಖದ್ದೋ ಖಾರದ್ದೋ ನನಗೆ ತಿಳಿಯಲಿಲ್ಲ. ಸಮಾಧಾನಕ್ಕೆಂದು, "ತಪ್ಪು ನಿಮ್ಮದಲ್ಲ, ಇವಳೇ ನೋಡದೆ ಓಡಿದಳು" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಸಾಲದ್ದಕ್ಕೆ ಕಾರಿಗೆ ಏನೂ ಆಗಲಿಲ್ಲವಷ್ಟೇ ಎಂದೂ ವಿಚಾರಿಸಿದೆ. ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ ಮಗಳು ಎಲ್ಲವನ್ನೂ ಕೇಳಿಸಿಕೊಂಡಳು.

ಅಜ್ಜ ಪ್ರಾಮಾಣಿಕರು. ವಿಮಾ ಕಂಪನಿ ಕೇಳಿದಾಗ ನನ್ನ ಮಾತನ್ನು ಇದ್ದ ಹಾಗೇ ಬರೆದುಕೊಟ್ಟರು. ಅದನ್ನೇ ತಿರುಚಿ, ಹುಡುಗಿ ಬೇಕೆಂದೇ ಕಾರಿಗೆ ಅಡ್ಡ ಓಡಿದಳು, ತಾಯಿಯೇ ಒಪ್ಪಿದ್ದಾಳೆ ಎಂದು ಕಂಪನಿ ಕೈ ತೊಳೆದುಕೊಂಡಿತು. ಆ ಪತ್ರ ಓದಿ ಗಂಡ ತಲೆ ಚಚ್ಚಿಕೊಂಡ. "ಕಾರ್ ಹಾಯಿಸಿದವ್ರಿಗೆ ಅವಲಕ್ಕಿ ತಿನಿಸಿ ಕ್ಷಮಾ ಕೇಳಾಕಿ ಈ ದೇಶದಾಗ ನೀ ಒಬ್ಬಾಕೀನ ನೋಡು!" ಕೊನೆಗೆ ವಕೀಲರನ್ನು ಹಿಡಿದು ನಿರ್ಲಕ್ಷ್ಯದ ದಾವೆ ಹೂಡಿದೆವು.

ಅಷ್ಟರಲ್ಲಿ ಮಗಳ ಕಾಲು ಗಟ್ಟಿಯಾಗಿತ್ತು. ಆದರೆ ಅವಳು ಒಬ್ಬಳೇ ರಸ್ತೆ ದಾಟಲು ಒಲ್ಲಳು. ಆಚೆ ಬದಿಯಲ್ಲೇ ಆಟದ ಮೈದಾನ. ಗೆಳತಿಯರು ಕೂಗಿ ಕರೆದರೂ ನನ್ನ ಕೈ ಬಿಡುತ್ತಿರಲಿಲ್ಲ.

"ಐ ಡೋಂಟ್ ಲುಕ್, ಅವ್ವ. ನೀನ ಹೇಳಿದ್ಯಲ್ಲ?"

ಆ ಮಾತು ಕೇಳಿದ ದಿನ ನನ್ನ ಮೇಲೇ ನನಗೆ ಸಿಟ್ಟು ಬಂತು. ದಾವೆ ಸೋತರೆ ಸೋಲಲಿ, ಇವಳು ಕೈ ಬಿಟ್ಟು ನಡೆದರೆ ಸಾಕು ಎನಿಸಿತು.

ಕೋರ್ಟಿನಲ್ಲಿ ನ್ಯಾಯಾಧೀಶೆ ನನ್ನನ್ನೇ ಕೇಳಿದರು, ಅಪಘಾತ ಆಗುವುದನ್ನು ನೋಡಿದಿರಾ ಎಂದು. ಇಲ್ಲ, ಅಡುಗೆಮನೆಯಲ್ಲಿದ್ದೆ ಎಂದೆ.

"ಮತ್ತೆ ಮಗಳದೇ ತಪ್ಪು ಎಂದು ಏಕೆ ಹೇಳಿದಿರಿ?"

"ಮನೆಗೆ ಬಂದವರು ಅಳುತ್ತಿದ್ದರು."

ದುಭಾಷಿ ಅದನ್ನು ಡಚ್‌ನಲ್ಲಿ ಹೇಳಿದ್ದೇ ತಡ, ಅಜ್ಜ ಎದ್ದು ನಿಂತು, "ಅರ್ಧ ಅಳು ಮೆಣಸಿನಕಾಯಿಯದು!" ಎಂದರು. ನ್ಯಾಯಾಧೀಶೆಯೂ ನಕ್ಕುಬಿಟ್ಟರು. ನಗು ನಿಂತ ಮೇಲೆ ಅಜ್ಜ ತಾವಾಗಿಯೇ ಹೇಳಿದರು: ಆ ಕ್ಷಣ ರೇಡಿಯೊದ ಗುಂಡಿ ತಿರುಗಿಸುತ್ತಿದ್ದೆ, ರಸ್ತೆ ನೋಡುತ್ತಿರಲಿಲ್ಲ. ಅವರ ವಿಮಾ ಕಂಪನಿಯ ವಕೀಲರ ಮುಖ ಹರಳೆಣ್ಣೆ ಕುಡಿದಂತಾಯಿತು.

ತೀರ್ಪು ನಮ್ಮ ಪರ ಬಂತು. ಮುಂದಿನ ಭಾನುವಾರ ಅಜ್ಜನನ್ನು ನಾನೇ ಕರೆದೆ. ಮಗಳನ್ನು ಎದುರಿಗೆ ಕೂಡಿಸಿಕೊಂಡೆ. ಅತಿಥಿಯ ಮುಂದೆ ಹೀಗೆ ಮಾತಾಡಲು ನಾಲಿಗೆ ಏಳದಿದ್ದರೂ ಹೇಳಿದೆ: "ತಪ್ಪು ನನ್ನ ಮಗಳದಲ್ಲ, ನಿಮ್ಮದು."

"ಹೌದು, ನನ್ನದೇ," ಎಂದರು ಅಜ್ಜ, ಅವಳ ಕಡೆ ತಿರುಗಿ.

ಮಗಳು ನನ್ನ ಮುಖ ನೋಡಿದಳು. "ಇನ್ನೊಮ್ಮೆ ಹೇಳವ್ವ." ಇನ್ನೊಮ್ಮೆ ಹೇಳಿದೆ. ಅವಳು ಎದ್ದು ಬೂಟು ಹಾಕಿಕೊಂಡಳು.

ಅಜ್ಜ, ನಾನು ಕಿಟಕಿಗೆ ಓಡಿದೆವು. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಮತ್ತೆ ಎಡಕ್ಕೆ ನೋಡಿದಳು. ದಾಟಿದಳು. ಮೈದಾನದ ಗೇಟಿನಿಂದ ನಮ್ಮತ್ತ ಕೈ ಬೀಸಿದಳು. ನನಗಿಂತ ಮೊದಲು ಅಜ್ಜನ ಕಣ್ಣಲ್ಲಿ ನೀರು ಬಂತು. ಈ ಸಲ ನಾನು ಅವಲಕ್ಕಿಗೆ ಮೆಣಸಿನಕಾಯಿ ಹಾಕಿರಲಿಲ್ಲ.